ದೊಡ್ಡಕ್ಕ ಊಟಕ್ಕೆ ಹೊರಟಿದ್ದು

ಆಸ್ಪತ್ರೆಯ ಅಡುಗೆಮನೆಯಲ್ಲಿ ಮೂವತ್ತಮೂರು ವರ್ಷ ದುಡಿದು ನಿವೃತ್ತಳಾದ ದಿನ, ಜೊತೆಯವರೆಲ್ಲ ಸೇರಿ ದೊಡ್ಡಕ್ಕನಿಗೆ ಒಂದು ಉಡುಗೊರೆ ಕೊಟ್ಟರು. ಬಣ್ಣದ ಕಾಗದ ಬಿಚ್ಚಿ ನೋಡಿದರೆ ಕುಕ್ಕರು. ಅವಳು ಅದರ ಮುಚ್ಚಳವನ್ನೂ ತೆಗೆಯದೆ, ಪಕ್ಕದಲ್ಲಿ ನಿಂತಿದ್ದ ಪಾತ್ರೆ ತೊಳೆಯುವವಳ ಕೈಗೆ ಕೊಟ್ಟು, "ನೀನೇ ಇಟ್ಕೊಳ್ಳಮ್ಮಾ. ನನ್ನ ಅಡುಗೆ ಇವತ್ತಿಗೆ ಮುಗೀತು" ಅಂದಳು. ಎಲ್ಲರೂ ನಕ್ಕರು. ತಮಾಷೆ ಅಂದುಕೊಂಡರು.

ತಮಾಷೆಯಾಗಿರಲಿಲ್ಲ. ಬೆಳಗಿನ ನಾಲ್ಕೂವರೆಗೆ ಒಲೆ ಹೊತ್ತಿಸಿದರೆ ಮುನ್ನೂರ ನಲವತ್ತು ಜನರ ಊಟ. ಕಿಡ್ನಿ ಕೆಟ್ಟವರಿಗೆ ಉಪ್ಪಿಲ್ಲದ್ದು, ಸಕ್ಕರೆ ಕಾಯಿಲೆಯವರಿಗೆ ಅಳೆದು ಹಾಕಿದ್ದು, ಆಪರೇಷನ್ ಆದವರಿಗೆ ಅಗಿಯದೆ ನುಂಗುವಂಥದ್ದು. ದೊಡ್ಡ ಡಾಕ್ಟರಿಂದ ಹಿಡಿದು ಗುಡಿಸುವವರ ತನಕ ಎಲ್ಲರ ಬಾಯಲ್ಲೂ ಅವಳು ದೊಡ್ಡಕ್ಕ. ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಎಲ್ಲರ ತಟ್ಟೆ ಹೋಗಿ, ಖಾಲಿ ತಟ್ಟೆ ವಾಪಸು ಬಂದು, ಹಂಡೆಗಳು ತೊಳೆಯುವ ಕಟ್ಟೆ ಸೇರಿದ ಮೇಲೆ, ಮಧ್ಯಾಹ್ನ ಮೂರಕ್ಕೆ ಉಗ್ರಾಣದ ಬಾಗಿಲಿಗೆ ಒರಗಿ ನಿಂತು, ತಳದಲ್ಲಿ ಉಳಿದದ್ದನ್ನು ತಣ್ಣಗೆ ತಿನ್ನುತ್ತಿದ್ದಳು. ಬಿಸಿ ಊಟವನ್ನು ಕುರ್ಚಿಯ ಮೇಲೆ ಕೂತು ಉಂಡಿದ್ದು ಯಾವಾಗ ಎಂದು ಕೇಳಿದರೆ ಅವಳಿಗೇ ನೆನಪಿರಲಿಲ್ಲ. ಮದುವೆ ಕೂಡಿಬರಲಿಲ್ಲ; ಕೂಡಿಬರಲಿ ಎಂದು ಅವಳೂ ಬಾಗಿಲು ಕಾಯುತ್ತ ಕೂರಲಿಲ್ಲ.

ಆಸ್ಪತ್ರೆಯ ವಸತಿಗೃಹವನ್ನು ಹದಿನೈದು ದಿನಗಳಲ್ಲಿ ಬಿಡಬೇಕಿತ್ತು. ತಮ್ಮನ ಮನೆಯ ಮಹಡಿಯಲ್ಲಿ ಒಂದು ಕೋಣೆ ಖಾಲಿ ಇತ್ತು. ತಮ್ಮನದು ಕನ್ನಡಕದ ಅಂಗಡಿ, ಊರಿನ ಆ ತುದಿಯಲ್ಲಿ. "ಸುಮ್ನೆ ಬಂದುಬಿಡಕ್ಕ, ನಮಗೂ ಜೊತೆಯಾಗುತ್ತೆ" ಅಂದ. ಎರಡು ಟ್ರಂಕು, ಒಂದು ಹಾಸಿಗೆ, ಒಂದು ರೇಡಿಯೋ ಹಿಡಿದು ದೊಡ್ಡಕ್ಕ ಗುರುತೇ ಇಲ್ಲದ ಬಡಾವಣೆಗೆ ಬಂದಿಳಿದಳು.

ಮರುದಿನ ಬೆಳಿಗ್ಗೆ ತಮ್ಮನ ಹೆಂಡತಿ ಚಹಾ ಕೊಟ್ಟು, ಕೈಹಿಡಿದು ಅಡುಗೆಮನೆಗೆ ಕರೆದೊಯ್ದಳು. ಒಲೆ ಫಳಫಳ ಹೊಳೆಯುತ್ತಿತ್ತು. ಸಾಲಾಗಿಟ್ಟ ಡಬ್ಬಿಗಳ ಮೇಲೆಲ್ಲ ಹೊಸದಾಗಿ ಚೀಟಿ ಅಂಟಿಸಿದ್ದಳು: ಅಕ್ಕಿ, ಬೇಳೆ, ಸಕ್ಕರೆ, ಉಪ್ಪು.

"ನಿಮಗೆ ಹುಡುಕೋದು ಕಷ್ಟ ಆಗಬಾರದು ಅಂತ ಎರಡು ದಿನ ಕೂತು ಬರೆದೆ ಅತ್ತಿಗೆ," ಅಂದಳು. "ಮುನ್ನೂರು ಜನಕ್ಕೆ ಮಾಡಿದ ಕೈ. ಮೂರು ಜನರದ್ದು ನಿಮಗೆ ಯಾವ ಲೆಕ್ಕ!"

ದೊಡ್ಡಕ್ಕ ಡಬ್ಬಿಗಳನ್ನು ನೋಡಿದಳು. ಚೀಟಿಗಳ ಗುಂಡಗಿನ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಆದರೂ ಹೇಳುವುದನ್ನು ಹೇಳಿಬಿಡುವುದೇ ಮೇಲು ಅನ್ನಿಸಿತು.

"ನೋಡಮ್ಮಾ, ತರಕಾರಿ ತಂದು ಕೊಡ್ತೀನಿ. ಪಾತ್ರೆ ತೊಳಿ ಅಂದ್ರೆ ತೊಳೀತೀನಿ, ನೆಲ ಒರಸು ಅಂದ್ರೆ ಒರಸ್ತೀನಿ. ಒಲೆ ಮಾತ್ರ ಮುಟ್ಟಲ್ಲ."

"ಅಂದ್ರೆ? ಇವತ್ತು ಆಯಾಸ ಇದೆಯಾ?"

"ಇವತ್ತಲ್ಲ. ಇನ್ನು ಮೇಲೆ."

ತಮ್ಮನ ಹೆಂಡತಿಯ ಮುಖ ಸಣ್ಣಗಾಯಿತು. "ಹಾಗಾದ್ರೆ ಊಟ?"

"ನಾನು ಕೈ ಹಚ್ಚದ ಒಲೆಯಿಂದ ನಿನ್ನ ಕೈಲಿ ಬೇಯಿಸಿಕೊಂಡು ತಿಂದ್ರೆ ನನಗೆ ಗಂಟಲಲ್ಲಿ ಇಳಿಯಲ್ಲ. ಹೊರಗೆ ತಿಂತೀನಿ. ಇಷ್ಟು ದೊಡ್ಡ ಬಡಾವಣೇಲಿ ಒಬ್ಬಳ ಹೊಟ್ಟೆಗೆ ಒಳ್ಳೆ ಊಟ ಸಿಗಲ್ವಾ?"

ಸಿಗುತ್ತದೆ ಎಂದು ಅವಳು ಅಂದುಕೊಂಡಷ್ಟು ಸುಲಭವಾಗಿ ಸಿಗಲಿಲ್ಲ. ಮೊದಲ ದಿನ ಬಸ್ ನಿಲ್ದಾಣದ ಎದುರಿನ ದೊಡ್ಡ ಹೋಟೆಲಿಗೆ ಹೋದಳು. ಗೋಡೆಯ ತುಂಬ ತಿಂಡಿಗಳ ಬಣ್ಣದ ಚಿತ್ರ, ಕುರ್ಚಿಗಳಿಗೆಲ್ಲ ಕೆಂಪು ಗೌಸು. ಸೂಪು ತರಿಸಿದಳು. ಒಂದು ಚಮಚ ಬಾಯಿಗಿಟ್ಟವಳು ಇನ್ನೊಂದು ಚಮಚ ಎತ್ತಲಿಲ್ಲ.

"ಏನಮ್ಮಾ, ಚೆನ್ನಾಗಿಲ್ವಾ?" ಎಂದು ಸಪ್ಲೈಯರ್ ಕೇಳಿದ.

"ಮೆಕ್ಕೆಜೋಳದ ಹಿಟ್ಟು ಕಲಸಿ ಬಣ್ಣ ಹಾಕಿದ್ದೀರಿ. ತರಕಾರಿ ಇದರ ಪಕ್ಕದ ಬೀದೀಲೂ ಹಾದುಹೋಗಿಲ್ಲ," ಎಂದು ದುಡ್ಡಿಟ್ಟು ಎದ್ದಳು.

ಎರಡನೆಯ ದಿನ ಇನ್ನೊಂದು ಹೋಟೆಲು. ಅಲ್ಲಿ ಒಳಗೆ ಹೋಗುವ ಮೊದಲೇ ಹಿಂದಿನ ಓಣಿಗೆ ಹೋಗಿ ಇಣುಕಿದಳು. ಹೋಟೆಲಿನ ಬಂಡವಾಳ ಹಿತ್ತಿಲ ಬಾಗಿಲಲ್ಲಿ ಗೊತ್ತಾಗುತ್ತದೆ ಎನ್ನುವುದು ಅವಳ ಅನುಭವ. ಕಪ್ಪಗೆ ಕಾದ ಹಳೆಯ ಎಣ್ಣೆಯ ಡಬ್ಬಿಯನ್ನು ಯಾರೋ ಮತ್ತೆ ಒಳಗೆ ಎತ್ತಿಕೊಂಡು ಹೋಗುತ್ತಿದ್ದರು. ದೊಡ್ಡಕ್ಕ ಬಂದ ದಾರಿಗೆ ತಿರುಗಿದಳು. ಆ ದಿನ ಮೂರು ಬಾಳೆಹಣ್ಣೇ ಗತಿಯಾಯಿತು. ಮಹಡಿ ಮೆಟ್ಟಿಲು ಹತ್ತುವಾಗ ಕೆಳಗಿನಿಂದ ಬಿಸಿ ಅನ್ನದ ಘಮ ಬಂದು ಹೊಟ್ಟೆ ತಾಳ ಹಾಕಿತು. ಅವಳು ಕೋಣೆಗೆ ಹೋಗಿ ರೇಡಿಯೋದ ಸದ್ದು ಜೋರು ಮಾಡಿದಳು.

ಮೂರನೆಯ ದಿನ ಬ್ರೆಡ್ಡಿನ ಅಂಗಡಿ ಸಿಕ್ಕಿತು. ಗಾಜಿನ ಪೆಟ್ಟಿಗೆಯ ಹಿಂದೆ ತೋಳಿನ ತನಕ ಹಿಟ್ಟು ಮೆತ್ತಿಕೊಂಡ ಧಡೂತಿ ಮನುಷ್ಯ.

"ಇವತ್ತಿನದಾ?"

"ಇವತ್ತಿನದೇ ಅಮ್ಮಾ, ತಾಜಾ."

ದೊಡ್ಡಕ್ಕ ಬ್ರೆಡ್ಡನ್ನು ಹೆಬ್ಬೆರಳಿಂದ ಒತ್ತಿದಳು. "ಇವತ್ತಿನದು ಒತ್ತಿದ್ರೆ ಎದ್ದು ನಿಲ್ಲುತ್ತೆ. ಇದು ನಿನ್ನೆಯಿಂದ ಮಲಗೇ ಇದೆ."

ಬ್ರೆಡ್ಡಿನವನ ಕಿವಿ ಕೆಂಪಾಯಿತು. ಸುತ್ತ ನೋಡಿ ದನಿ ತಗ್ಗಿಸಿದ. "ಎರಡನೇ ಸಲದ್ದು ನಾಲ್ಕೂವರೆಗೆ ಭಟ್ಟಿಯಿಂದ ಇಳಿಯುತ್ತೆ. ಆವಾಗ ಬನ್ನಿ. ಸರಿಯಾಗಿಲ್ಲ ಅಂದ್ರೆ ನನ್ನ ಮುಖಕ್ಕೆ ಎಸೀರಿ."

ನಾಲ್ಕೂವರೆಗೆ ಹೋದಳು. ಎಸೆಯಬೇಕಾಗಿ ಬರಲಿಲ್ಲ. ಅಂಗಡಿಯ ಮುಂದಿನ ಬೆಂಚಿನಲ್ಲೇ ಕೂತು ಅರ್ಧ ಬ್ರೆಡ್ಡು ಮುಗಿಸಿ, ಮಡಿಲಿನ ಚೂರು ಕೊಡವಿಕೊಂಡು ಕೇಳಿದಳು: "ನೀವು ಮಧ್ಯಾಹ್ನ ಎಲ್ಲಿ ಊಟ ಮಾಡ್ತೀರಿ?"

ಇದು ಅವಳ ಹೊಸ ಉಪಾಯ. ಅಡುಗೆ ಗೊತ್ತಿದ್ದವರು ಉಣ್ಣುವ ಜಾಗ ಯಾವುದೋ ಅದೇ ಸರಿಯಾದ ಜಾಗ.

"ಟೈರ್ ಪಂಕ್ಚರ್ ಅಂಗಡಿ ಹಿಂದೆ ಒಂದು ಹೋಟೆಲಿದೆ. ಬೋರ್ಡಿಲ್ಲ, ನೀಲಿ ಬಾಗಿಲು. ಅಲಸಂದೆ ಕಾಳು ಮಾಡ್ತಾನೆ ನೋಡಿ..." ಎಂದವನು ತಡೆದ. "ಆದ್ರೆ ಅಲ್ಲಿ ಹೆಂಗಸರು ಯಾರೂ ಹೋಗಲ್ಲಮ್ಮ. ಲಾರಿಯವರು, ಮೆಕ್ಯಾನಿಕ್ಕುಗಳು, ಅಂಥವರೇ."

"ಯಾಕೆ, ಆ ಕಾಳು ಗಂಡಸರ ಬಾಯಲ್ಲಿ ಮಾತ್ರ ಕರಗುತ್ತಾ?" ಅಂದಳು ದೊಡ್ಡಕ್ಕ.

ನಾಲ್ಕನೆಯ ದಿನ ಹನ್ನೆರಡೂವರೆಗೆ ನೀಲಿ ಬಾಗಿಲು ದೂಡಿದಳು. ಹಿತ್ತಿಲನ್ನು ಆಗಲೇ ನೋಡಿಯಾಗಿತ್ತು: ತೊಳೆದ ಹಂಡೆಗಳು ಬಿಸಿಲಿಗೆ ಬೋರಲು ಬಿದ್ದಿದ್ದವು, ಒರೆಸುವ ಬಟ್ಟೆ ಬೆಳ್ಳಗಿತ್ತು. ಒಳಗೆ ಆರು ಮೇಜು. ಗಲ್ಲಾದಲ್ಲಿ ಕನ್ನಡಕವನ್ನು ಹಣೆಗೇರಿಸಿಕೊಂಡ ಮಾಲೀಕ. ಸಪ್ಲೈಯರ್ ಅವಸರದಿಂದ ಬಂದು, ಕೈತೊಳೆಯುವ ಬೇಸಿನ್ ಪಕ್ಕದಲ್ಲಿ ಪರದೆಯ ಮರೆಗಿದ್ದ ಪುಟ್ಟ ಮೇಜು ತೋರಿಸಿದ. ಬೇಸಿನ್ನಿನಿಂದ ನೀರು ಸಿಡಿದು ಮೇಜಿನ ಅರ್ಧ ಒದ್ದೆಯಾಗಿತ್ತು.

ಕಿಟಕಿ ಪಕ್ಕದ ಮೇಜು ಖಾಲಿ ಇತ್ತು. ದೊಡ್ಡಕ್ಕ ನೇರ ಹೋಗಿ ಅಲ್ಲಿ ಕೂತಳು.

"ಅಮ್ಮಾ, ಅದು ನಾಲ್ಕು ಜನರದ್ದು."

"ನಾನು ಒಂದು ಕುರ್ಚಿ ಮೇಲೆ ಕೂತಿದ್ದೀನಿ. ಇನ್ನು ಮೂರು ಇವೆ. ಬಂದವರು ಕೂರಲಿ."

ಮಾಲೀಕ ಗಲ್ಲಾದಿಂದಲೇ ಸಮಾಧಾನದ ದನಿ ತೆಗೆದ. "ಇಲ್ಲಿ ಗಲಾಟೆ ಜಾಸ್ತಿ ಅಮ್ಮಾ. ಪಾರ್ಸೆಲ್ ಕಟ್ಟಿಸಿಕೊಡ್ತೀನಿ, ಮನೇಲಿ ನೆಮ್ಮದಿಯಾಗಿ ಊಟ ಮಾಡಿ."

"ನನಗೆ ನೆಮ್ಮದಿ ಬೇಡ. ಬಿಸಿ ಬೇಕು."

ಯಾರೋ ಕಿಸಕ್ಕೆಂದರು. ಪಂಕ್ಚರ್ ಅಂಗಡಿಯ ಮೂವರು ಬಂದು ಕೂರಲೋ ಬೇಡವೋ ಎಂದು ಬಾಗಿಲಲ್ಲೇ ನಿಂತಾಗ ಅವಳೇ, "ಬನ್ರಪ್ಪಾ, ನಾನೇನು ಕಚ್ಚಲ್ಲ" ಅಂದಳು. ಅವರು ಗ್ರೀಸಿನ ಕೈಗಳನ್ನು ಎರಡೆರಡು ಸಲ ತೊಳೆದುಕೊಂಡು ಬಂದು, ಪರೀಕ್ಷೆಗೆ ಕೂತವರ ಹಾಗೆ ಕೂತರು.

ತಟ್ಟೆ ಬಂತು. ಹಬೆಯಾಡುವ ಅನ್ನ, ಸೊಪ್ಪು, ಬೆಳ್ಳುಳ್ಳಿ ಹಾಕಿದ ಅಲಸಂದೆ. ಕಾಳಿನ ಸಿಪ್ಪೆ ಒಡೆದಿರಲಿಲ್ಲ, ಒಳಗೆ ಮಾತ್ರ ಬೆಣ್ಣೆ. ಮುನ್ನೂರು ಜನರ ಹಂಡೆಯಲ್ಲಿ ಅವಳಿಗೆ ಒಮ್ಮೆಯೂ ಒಲಿಯದ ಹದ ಅದು. ನಾಲಿಗೆ ಸುಟ್ಟಿತು. ಸುಟ್ಟರೆ ಸುಡಲಿ ಎಂದು ಮುಂದಿನ ತುತ್ತು ತೆಗೆದುಕೊಂಡಳು. ಆಮೇಲೆ ಅವಸರ ಬಿಟ್ಟಳು. ಸುತ್ತಲಿನ ಮೇಜುಗಳಲ್ಲಿ ಎರಡು ಸಲ ಜನ ಬದಲಾದರು; ಮಾಲೀಕ ನಾಲ್ಕು ಸಲ ಗಡಿಯಾರ ನೋಡಿದ; ದೊಡ್ಡಕ್ಕ ಮಾತ್ರ ಒಂದೊಂದೇ ಕಾಳು ಎಣಿಸುವವಳ ಹಾಗೆ ಉಂಡಳು. ಯಾವ ವಾರ್ಡಿನ ಗಂಟೆಯೂ ಅವಳನ್ನು ಎಬ್ಬಿಸುವಂತಿರಲಿಲ್ಲ.

ಮರುದಿನ ಹೋದರೆ ಆ ಮೇಜಿನ ಮೇಲೆ ರಟ್ಟಿನ ಹಲಗೆ: 'ಕಾಯ್ದಿರಿಸಲಾಗಿದೆ.' ಅಕ್ಷರದ ಮಸಿ ಇನ್ನೂ ಆರಿರಲಿಲ್ಲ.

"ಯಾರಿಗೆ?"

"ಬರ್ತಾರೆ," ಎಂದು ಮಾಲೀಕ ಕಿಟಕಿಯ ಕಡೆ ನೋಡಿದ. "ಆ ಕಡೆ ಕೂತ್ಕೊಳ್ಳಿ."

"ಅವರು ಬರೋ ತನಕ ಕಾಯ್ತೀನಿ," ಎಂದು ಮೇಜಿನ ಪಕ್ಕ ನೆಟ್ಟಗೆ ನಿಂತಳು.

ಮಾಲೀಕ ಲೆಕ್ಕ ತಪ್ಪಿದ್ದು ಇಲ್ಲೇ. ನಿಲ್ಲುವುದು ಅವಳಿಗೆ ಹೊಸದೇ? ಮೂವತ್ತಮೂರು ವರ್ಷ ನಿಂತವಳು. ಒಂದು ಗಂಟೆಯಾಯಿತು. ಉಣ್ಣಲು ಬಂದವರು ತಟ್ಟೆ ಬಿಟ್ಟು ಅವಳನ್ನೇ ನೋಡತೊಡಗಿದರು. ಮೆಕ್ಯಾನಿಕ್ಕುಗಳಲ್ಲಿ ಹಿರಿಯವನೊಬ್ಬ ತನ್ನ ಕುರ್ಚಿ ಬಿಟ್ಟುಕೊಡಲು ಎದ್ದ. ಅವಳು ಬೇಡವೆಂದು ತಲೆಯಾಡಿಸಿದಳು. ಕಾಯ್ದಿರಿಸಿದವರು ಬರಲಿಲ್ಲ. ಅಂಥವರು ಇದ್ದರಲ್ಲವೇ ಬರಲು!

ಕೊನೆಗೆ ಒಳಗಿನಿಂದ ಅಡುಗೆಯವನು ಹೊರಗೆ ಬಂದ. ಒಣಕಲು ಮುದುಕ, ಮಂಡಿ ಹಿಡಿದುಕೊಂಡು ಕುಂಟುತ್ತ ನಡೆಯುತ್ತಿದ್ದ. ಅವಳ ಮುಂಗೈ ಮೇಲಿನ ಹಬೆ ಸುಟ್ಟ ಕಲೆಗಳನ್ನು ನೋಡಿದ. ತನ್ನ ಮುಂಗೈಯನ್ನೂ ಒಮ್ಮೆ ನೋಡಿಕೊಂಡ.

"ಎಷ್ಟು ಜನಕ್ಕೆ ಮಾಡ್ತಿದ್ರಿ?"

"ಮುನ್ನೂರ ನಲವತ್ತು."

ಮುದುಕ ಒಳಗೆ ಹೋಗಿ, ತಾನೇ ತಟ್ಟೆ ಬಡಿಸಿಕೊಂಡು ಬಂದು ಆ ಮೇಜಿನ ಮೇಲಿಟ್ಟ. ರಟ್ಟನ್ನು ಎತ್ತಿ ಎರಡಾಗಿ ಮಡಚಿ ಬಕೆಟ್ಟಿಗೆ ಹಾಕಿದ. "ಕೂತ್ಕೊಳ್ಳಿ," ಅಂದ. ಮಾಲೀಕ ಬಾಯಿ ತೆರೆದವನು, ಮಧ್ಯಾಹ್ನದ ಹೊತ್ತಲ್ಲಿ ಅಡುಗೆಯವನನ್ನು ಎದುರು ಹಾಕಿಕೊಳ್ಳುವುದು ಬೇಡವೆಂದು ಮುಚ್ಚಿದ.

"ಉಪ್ಪು ಯಾವಾಗ ಹಾಕ್ತೀರಿ?" ಎಂದು ದೊಡ್ಡಕ್ಕ ಕೇಳಿದಳು.

"ಕಾಳು ಬೆಂದ ಮೇಲೆ. ಇಳಿಸೋಕೆ ಮುಂಚೆ."

"ಅದೇ ಮತ್ತೆ. ನನಗೆ ಅಷ್ಟು ಪುರಸೊತ್ತು ಯಾರು ಕೊಡ್ತಿದ್ರು!"

ಸೋತ ಮಾಲೀಕ ತನ್ನ ಸಿಟ್ಟನ್ನು ಇನ್ನೊಂದು ಕಡೆ ತೀರಿಸಿಕೊಂಡ. ಅವನ ಕನ್ನಡಕ ತಮ್ಮನ ಅಂಗಡಿಯದ್ದು; ಅವಳು ಯಾರ ಅಕ್ಕನೆಂದು ವಿಚಾರಿಸಿಕೊಂಡು ಅಲ್ಲಿಗೇ ಹೋಗಿ ದೂರು ಹೇಳಿದ. ಸಂಜೆ ತಮ್ಮ ಮುಖ ಊದಿಸಿಕೊಂಡು ಮನೆಗೆ ಬಂದ.

"ಅಕ್ಕಾ, ಪಂಕ್ಚರ್ ಅಂಗಡಿ ಹಿಂದೆ ಗಂಡಸರ ಮಧ್ಯೆ ಕೂತು ಊಟ ಮಾಡ್ತೀಯಂತೆ. ಜಾಗ ಕೊಡಲಿಲ್ಲ ಅಂತ ಧರಣಿ ಬೇರೆ! ತಮ್ಮ ಮನೇಲಿ ಅನ್ನ ಹಾಕಲ್ವಾ ಅಂತ ಜನ ನನ್ನ ಕೇಳ್ತಾರೆ. ನಾನು ತಲೆ ಎಲ್ಲಿಟ್ಕೊಳ್ಳಲಿ?"

"ಇರೋ ಜಾಗದಲ್ಲೇ ಇಟ್ಕೋ. ನಾನು ಕದ್ದು ತಿಂದೆನಾ? ದುಡ್ಡು ಕೊಟ್ಟು, ಬೆಳಕಿರೋ ಕಡೆ ಕೂತು ತಿಂದೆ. ನೀನು ಯಾವತ್ತಾದ್ರೂ ಬೇಸಿನ್ ಪಕ್ಕ ಕೂತು ಊಟ ಮಾಡಿದ್ದೀಯಾ?"

"ಮನೇಲಿ ಎರಡು ಹೆಂಗಸರಿದ್ದು ಒಬ್ಬರು ಹೋಟೆಲಿಗೆ ಹೋಗೋದು ಅಂದ್ರೆ ಏನು ಚೆಂದ? ಇವಳಿಗಾದ್ರೂ ಸ್ವಲ್ಪ ಕೈ ಜೋಡಿಸಬಾರದಾ?"

ಅಷ್ಟರ ತನಕ ಬಾಗಿಲ ಬಳಿ ನಿಂತಿದ್ದ ತಮ್ಮನ ಹೆಂಡತಿಗೆ ಏನಾಯಿತೋ, ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ನೆಲಕ್ಕೆ ಎಸೆದಳು.

"ನೀವು ಸುಮ್ನಿರಿ," ಎಂದು ಗಂಡನಿಗೆ ಹೇಳಿ, ದೊಡ್ಡಕ್ಕನ ಕಡೆ ತಿರುಗಿದಳು. "ನಿಮಗಾದ್ರೂ ರಿಟೈರ್ ಆಗೋಕೆ ಒಂದು ತಾರೀಖು ಅಂತ ಇತ್ತು ಅತ್ತಿಗೆ. ನನಗೆ ಯಾವ ತಾರೀಖು? ಇಪ್ಪತ್ತನಾಲ್ಕು ವರ್ಷದಿಂದ ಮೂರು ಹೊತ್ತು ಬಿಸಿಬಿಸಿ ಮಾಡಿ ಹಾಕ್ತಿದ್ದೀನಿ. ನೀವು ಬರ್ತೀರಿ, ಒಂದು ಹೊತ್ತಾದ್ರೂ ಯಾರೋ ಮಾಡಿದ್ದನ್ನ ತಿಂತೀನಿ ಅಂತ ಆಸೆಯಿಂದ ಡಬ್ಬಿಗೆಲ್ಲ ಚೀಟಿ ಅಂಟಿಸಿದೆ. ನೀವು ನಾಲ್ಕು ಮಾತಲ್ಲಿ ಕೈತೊಳ್ಕೊಂಡ್ರಿ. ನಾನೆಲ್ಲಿ ತೊಳ್ಕೊಳ್ಳಲಿ?"

ದೊಡ್ಡಕ್ಕನಿಗೆ ತಾನು ಬಿಟ್ಟುಬಂದ ಜಾಗದಲ್ಲಿ ಇನ್ನೊಬ್ಬಳು ನಿಂತೇ ಇದ್ದಾಳೆ ಎನ್ನುವುದು ಕಣ್ಣೆದುರಿಗಿದ್ದರೂ ಕಂಡಿರಲಿಲ್ಲ. ಬಟ್ಟೆಯನ್ನು ಎತ್ತಿ ಕಟ್ಟೆಯ ಮೇಲಿಟ್ಟು ಮೇಲೆ ಹೋದಳು.

ಮರುದಿನ ಹನ್ನೊಂದೂವರೆಗೆ ಕೆಳಗಿಳಿದು ಬಂದಳು. ತಮ್ಮನ ಹೆಂಡತಿ ಅಕ್ಕಿ ತೊಳೆಯುತ್ತಿದ್ದಳು. ದೊಡ್ಡಕ್ಕ ಪಾತ್ರೆಯನ್ನು ಅವಳ ಕೈಯಿಂದ ತೆಗೆದು ಕೆಳಗಿಟ್ಟು, ಉರಿಯುತ್ತಿದ್ದ ಒಲೆಯನ್ನು ಆರಿಸಿದಳು.

"ಒಲೆ ಮುಟ್ಟಲ್ಲ ಅಂದಿದ್ರಲ್ಲ!"

"ಹೊತ್ತಿಸೋಕೆ ಮುಟ್ಟಲ್ಲ ಅಂದೆ. ಆರಿಸೋಕೆ ಮುಟ್ಟಬಹುದು. ಚಪ್ಪಲಿ ಹಾಕ್ಕೋ."

"ಎಲ್ಲಿಗೆ? ಒಂದು ಗಂಟೆಗೆ ಅವರು ಊಟಕ್ಕೆ ಬರ್ತಾರೆ!"

"ಬರಲಿ. ಅವನ ಅಂಗಡಿಯಿಂದ ಇಲ್ಲಿ ತನಕ ಕಣ್ಣು ಕಾಣುತ್ತಲ್ಲ, ಇಲ್ಲಿಂದ ಹೋಟೆಲಿನ ತನಕವೂ ಕಾಣುತ್ತೆ."

ತಮ್ಮನ ಹೆಂಡತಿ ದಾರಿಯುದ್ದಕ್ಕೂ ನಾಲ್ಕು ಸಲ ನಿಂತಳು, ಎರಡು ಸಲ ತಿರುಗಿದಳು. ನೀಲಿ ಬಾಗಿಲು ದಾಟಿದ ಮೇಲೂ ಕುರ್ಚಿಯ ತುದಿಯಲ್ಲಿ ಕೂತು, ಪಕ್ಕದ ಮೇಜಿನವರಿಗೆ ನೀರು ದಾಟಿಸಲು ಕೈ ಚಾಚಿದಳು. ದೊಡ್ಡಕ್ಕ ಆ ಕೈ ಹಿಡಿದು ವಾಪಸು ಮಡಿಲಲ್ಲಿಟ್ಟಳು. ಸಪ್ಲೈಯರ್ ಬಂದು ಕೇಳಿದ: "ನಿಮಗೇನು ಕೊಡಲಿ ಅಮ್ಮಾ?"

ಸರಳವಾದ ಪ್ರಶ್ನೆ. ಗಂಡನಿಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಎನ್ನುವುದೆಲ್ಲ ನಾಲಿಗೆಯ ತುದಿಯಲ್ಲಿತ್ತು. ತನಗೇನು ಬೇಕು ಎನ್ನುವುದು ಎಲ್ಲೋ ಅಟ್ಟದ ಮೇಲೆ ಬಿದ್ದಿತ್ತು. ಅವಳು ದೊಡ್ಡಕ್ಕನ ಮುಖ ನೋಡಿದಳು.

"ನನ್ನ ಕೇಳಬೇಡ. ಅವನು ನಿನ್ನ ಕೇಳ್ತಿರೋದು."

ಸಪ್ಲೈಯರ್ ಕಾದ. ಅವಳು ಬಾಗಿ, ಗುಟ್ಟು ಹೇಳುವ ಹಾಗೆ ಹೇಳಿದಳು: "ಖಾರ ಜಾಸ್ತಿ ಇರೋದು ಏನಾದ್ರೂ ಇದೆಯಾ?"

ತಮ್ಮನಿಗೆ ಖಾರ ಆಗುವುದಿಲ್ಲ. ಆ ಮನೆಯಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಒಂದು ಮೆಣಸಿನಕಾಯಿಗಿಂತ ಹೆಚ್ಚಿಗೆ ಯಾವ ಪಾತ್ರೆಗೂ ಬಿದ್ದಿರಲಿಲ್ಲ. ಒಳಗಿನ ಮುದುಕ ಈ ಮಾತು ಕೇಳಿಸಿಕೊಂಡು ಉತ್ಸಾಹದಿಂದಲೇ ಮಾಡಿ ಕಳಿಸಿದನೆಂದು ಕಾಣುತ್ತದೆ. ತಮ್ಮನ ಹೆಂಡತಿಯ ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಕಿವಿ ಕೆಂಪು. "ಅಯ್ಯೋ, ಅಯ್ಯೋ" ಅನ್ನುತ್ತ, ನಗುತ್ತ, ಮತ್ತೆ ಮತ್ತೆ ಹಾಕಿಸಿಕೊಂಡಳು. ದೊಡ್ಡಕ್ಕ ಅವಳು ನಕ್ಕಿದ್ದನ್ನು ನೋಡಿದ್ದು ಅದೇ ಮೊದಲು.

ತಮ್ಮ ಹೋಟೆಲಿಗೆ ಬರಲಿಲ್ಲ. ತಣ್ಣಗಿದ್ದ ಅಡುಗೆಮನೆ ನೋಡಿ, ಬಾಗಿಲು ದಡಾರನೆ ಎಳೆದುಕೊಂಡು ಅಂಗಡಿಗೆ ವಾಪಸು ಹೋದನಂತೆ. ಸಂಜೆ ಇಬ್ಬರನ್ನೂ ಮಾತಾಡಿಸಲಿಲ್ಲ. "ಮಂಗಳವಾರ, ಶುಕ್ರವಾರ ಮಧ್ಯಾಹ್ನ ಈ ಮನೇಲಿ ಒಲೆ ಉರಿಯಲ್ಲ," ಎಂದು ಅವನ ಹೆಂಡತಿಯೇ ಹೇಳಿದಳು. ದೊಡ್ಡಕ್ಕ ಹೇಳಿಕೊಟ್ಟ ಮಾತಲ್ಲ ಅದು. ಅವಳು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡಳು, ಅಷ್ಟೇ.

ತಮ್ಮ ಎರಡು ವಾರ ಹಟ ಹಿಡಿದ. ಬಿಸ್ಕತ್ತು ತಿಂದ. ಹೊಟ್ಟೆನೋವು ಅಂದ. ಮೂರನೆಯ ಮಂಗಳವಾರ ಮನೆಗೆ ಬಂದು ಮೊಟ್ಟೆ ಬೇಯಿಸಿಕೊಂಡ. ನೀರು ಬತ್ತಿ ಎರಡು ಒಡೆದವು, ಪಾತ್ರೆಯ ತಳ ಕಪ್ಪಾಯಿತು. ಆ ಪಾತ್ರೆಯನ್ನು ಯಾರೂ ತೊಳೆಯಲಿಲ್ಲ. ಗುರುವಾರ ಅವನೇ ಉಜ್ಜಿದ. ಅವನು ಮೆಚ್ಚಿಕೊಂಡ ಎಂದೇನೂ ಅಲ್ಲ. ಇವತ್ತಿಗೂ ಗೊಣಗುತ್ತಾನೆ, ಆದರೆ ಗೊಣಗುತ್ತಲೇ ಮೊಟ್ಟೆಗೆ ನೀರು ಇಡುತ್ತಾನೆ.

ಬೀದಿಯಲ್ಲಿ ಸುದ್ದಿ ಹರಡಲು ಎಷ್ಟು ಹೊತ್ತು ಬೇಕು? ಮೊದಲು ಮೂಗು ಮುರಿದವರಲ್ಲಿ ಎದುರು ಮನೆಯ ಟೈಲರಮ್ಮ ಒಬ್ಬಳು. ಒಂದು ಶುಕ್ರವಾರ ಅವಳೇ ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ನಿಂತಿದ್ದಳು. ಕಿಟಕಿ ಪಕ್ಕದ ಮೇಜಿಗೆ ಈಗ ಮೂವರು. ಹೆಂಗಸರು ಬರುತ್ತಾರೆಂದು ಮಾಲೀಕ ಆ ಮೇಜಿನ ಸುತ್ತ ಹೂವಿನ ಪರದೆ ಕಟ್ಟಿಸಿದ. ದೊಡ್ಡಕ್ಕ ಕುರ್ಚಿ ಹತ್ತಿ ಅದನ್ನು ಬಿಚ್ಚಿ, ನೀಟಾಗಿ ಮಡಚಿ, ಗಲ್ಲಾದ ಮೇಲಿಟ್ಟಳು. "ಬಟ್ಟೆ ಚೆನ್ನಾಗಿದೆ. ಮನೆ ಕಿಟಕಿಗೆ ಹಾಕ್ಕೊಳ್ಳಿ" ಅಂದಳು. ಟೈಲರಮ್ಮ ಹೊಲಿಗೆಯನ್ನೂ ಹೊಗಳಿದಳು.

ಮಳೆಗಾಲ ಬರುವ ಹೊತ್ತಿಗೆ ಅಡುಗೆಯ ಮುದುಕನ ಮಂಡಿ ಪೂರ್ತಿ ಹಿಡಿದುಕೊಂಡಿತು. ಮಾಲೀಕ ಒಂದು ಮಧ್ಯಾಹ್ನ ದೊಡ್ಡಕ್ಕನ ಎದುರು ಬಂದು, ಕೇಳದೆಯೇ ಕುರ್ಚಿ ಎಳೆದು ಕೂತ. ಹಣೆಯ ಮೇಲಿನ ಕನ್ನಡಕ ಇಳಿಸಿ ಅಂಗಿಯ ತುದಿಯಲ್ಲಿ ಒರೆಸಿದ.

"ಅಮ್ಮಾ, ಹಿಂದಿನದೆಲ್ಲ ಮನಸ್ಸಲ್ಲಿಟ್ಕೋಬೇಡಿ. ನಿಮ್ಮ ಕೈಗುಣ ಇಡೀ ಆಸ್ಪತ್ರೆ ಹೇಳುತ್ತೆ. ಬೆಳಿಗ್ಗೆ ಮಾತ್ರ ಬಂದು ನಿಂತ್ಕೊಳ್ಳಿ. ಸಂಬಳ ನೀವು ಹೇಳಿದಷ್ಟು. ಆ ಮೇಜು ಕೂಡ ಯಾವಾಗಲೂ ನಿಮ್ಮದೇ."

ಸುತ್ತ ಕೂತವರೆಲ್ಲ ಹೌದೌದು ಎಂದು ತಲೆಯಾಡಿಸಿದರು. ಇದಕ್ಕಿಂತ ಒಳ್ಳೆಯದು ಇನ್ನೇನಿದೆ ಎನ್ನುವ ಹಾಗೆ ಮೆಕ್ಯಾನಿಕ್ಕುಗಳೂ ನಕ್ಕರು.

"ನಾನು ಈ ಹೋಟೆಲಿಗೆ ಮುಂದಿನ ಬಾಗಿಲಿಂದ ಬರ್ತೀನಿ," ಅಂದಳು ದೊಡ್ಡಕ್ಕ. "ಹಿಂದಿನ ಬಾಗಿಲಿಂದ ಮೂವತ್ತಮೂರು ವರ್ಷ ಓಡಾಡಿದ್ದಾಯ್ತು. ಅವರ ಮಂಡಿಗೆ ಎತ್ತರದ ಸ್ಟೂಲು ಹಾಕಿಸಿ, ಕೂತು ಮಾಡಲಿ. ಭಾರ ಎತ್ತೋಕೆ ಒಬ್ಬ ಆಳನ್ನ ಇಡಿ. ಕಾಳು ಕೆಡೋದು ಕೈಯಿಂದಲ್ಲ, ಅವಸರದಿಂದ."

"ಮತ್ತೆ ನೀವು?"

"ನನಗೆ ಇನ್ನೊಂದು ಸ್ವಲ್ಪ ಸೊಪ್ಪು ಹಾಕಿಸಿ."

ಸ್ಟೂಲು ಬಂತು. ಆಳೂ ಬಂದ. ಮುದುಕ ಈಗ ಕೂತು ಕೈಯಾಡಿಸುತ್ತಾನೆ.

ದೊಡ್ಡಕ್ಕ ಅಲ್ಲಿಗೇ ನಿಂತಿಲ್ಲ. ರೈಲು ಹಳಿಯ ಆಚೆ ಒಂದು ಸೂಪಿನ ಅಂಗಡಿಯಿದೆ, ಬೆಳಿಗ್ಗೆ ಹತ್ತಕ್ಕೆ ತೆರೆದು ಹಂಡೆ ಖಾಲಿಯಾದ ತಕ್ಷಣ ಮುಚ್ಚುತ್ತಾರೆ ಎಂದು ಬ್ರೆಡ್ಡಿನವನು ಹೇಳಿದ್ದ. ಹೋದ ಮಂಗಳವಾರ ಅವಳೂ ತಮ್ಮನ ಹೆಂಡತಿಯೂ ಮೇಲ್ಸೇತುವೆಯ ಅರವತ್ತು ಮೆಟ್ಟಿಲು ಹತ್ತಿ ಇಳಿದು ಹೋದರು. ಅಂಗಡಿಯವಳು ಚೌಕಾಕಾರದ ಮುಖದ, ಮಾತು ಕಡಿಮೆಯ ಹೆಂಗಸು. ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ನಿಂತು ಕುಡೀಬೇಕು. ಕುರ್ಚಿ ಇಲ್ಲ" ಅಂದಳು.

ದೊಡ್ಡಕ್ಕ ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ತಮ್ಮನ ಹೆಂಡತಿ ಒಳಗೆ ನಡೆದು, ಮೂಲೆಯಲ್ಲಿದ್ದ ಎರಡು ಖಾಲಿ ತರಕಾರಿ ಪೆಟ್ಟಿಗೆಗಳನ್ನು ಎಳೆದು ತಂದು, ಬೋರಲು ಹಾಕಿ, ಸೆರಗಿನಿಂದ ಧೂಳು ಹೊಡೆದು, ಒಂದರ ಮೇಲೆ ತಾನು ಕೂತಳು.

"ಎರಡು ಸೂಪು," ಅಂದಳು. "ನನ್ನದಕ್ಕೆ ಮೆಣಸು ಜಾಸ್ತಿ."